ರಾಜಹಂಸಗಡದ ಮೇಲಿಂದ ಸೆಳೆವಗಳ ಬೆನ್ನು

ಬೆಳಗಾವಿಯ ದಕ್ಷಿಣಕ್ಕಿರುವ ಯಳ್ಳೂರಿನ ರಾಜಹಂಸಗಡವನ್ನು ಬಹುತೇಕರು ಕೋಟೆಗಾಗಿ, ಒಳಗಿನ ಸಿದ್ಧೇಶ್ವರನ ದರ್ಶನಕ್ಕಾಗಿ ಹತ್ತುತ್ತಾರೆ. ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋಗುವುದು ಸೆಳೆವಗಳನ್ನು, ಅಂದರೆ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳನ್ನು, ಮೇಲಿನಿಂದ ನೋಡುವುದಕ್ಕೆ. ಕಜಾಕಸ್ತಾನದ ಕಡೆಯ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ, ಹಿಮ ಬೀಳುವ ಮುನ್ನ ಅಲ್ಲಿಂದ ಹೊರಟು ಬರುವ ಇವು, ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹುಡುಕುತ್ತ ನಮ್ಮ ಹಿಂಗಾರಿ ಹೊಲಗಳ ಮೇಲೆ ತೀರ ಕೆಳಮಟ್ಟದಲ್ಲಿ ಹಾರುತ್ತವೆ.

ಹೊಲದ ಬದುವಿನಲ್ಲಿ ನಿಂತರೆ ಅವುಗಳ ಬೆನ್ನು ಸರಿಯಾಗಿ ಕಾಣುವುದಿಲ್ಲ. ಯಾವ ಜಾತಿಯ ಸೆಳೆವವೆಂದು ಹೇಳುವ ಗುರುತು ಇರುವುದೇ ಅಲ್ಲಿ. ಮಾಂಟೆಗು ಹ್ಯಾರಿಯರಿನ ಗಂಡಿಗೆ ಬೂದು ರೆಕ್ಕೆಯ ಮೇಲ್ಮೈಯಲ್ಲಿ ಒಂದು ಕಪ್ಪು ಪಟ್ಟಿ ಅಡ್ಡಲಾಗಿ ಹಾದಿರುತ್ತದೆ. ಪ್ಯಾಲಿಡ್ ಹ್ಯಾರಿಯರಿನ ಗಂಡಿಗೆ ಆ ಪಟ್ಟಿಯಿಲ್ಲ, ರೆಕ್ಕೆಯ ತುದಿಯಲ್ಲಿ ಮಾತ್ರ ಚೂಪಾದ ಕಪ್ಪು ಬಣ್ಣವಿರುತ್ತದೆ. ಬಿಸಿಲೇರಿ ಬಂಡೆ ಕಾಯ್ದು ಗಾಳಿ ಮೇಲೇಳತೊಡಗಿದಾಗ, ರೆಕ್ಕೆಗಳನ್ನು ತುಸು ಎತ್ತಿ ಹಿಡಿದ ಗಂಡು ಸೆಳೆವವೊಂದು ಇಳಿಜಾರಿಗೆ ಒರಗಿದಂತೆ ನನ್ನ ಕಾಲಿನ ಮಟ್ಟಕ್ಕಿಂತ ಕೆಳಗೆ ಸಾಗಿದರೆ, ದುರ್ಬೀನಿಲ್ಲದೆಯೂ ಆ ಪಟ್ಟಿಯನ್ನು ನೋಡಬಹುದು. ಕಂದು ಬಣ್ಣದ ಹೆಣ್ಣುಗಳು ಮಾತ್ರ ಅಷ್ಟು ಸುಲಭವಾಗಿ ಪತ್ತೆಯಾಗುವುದಿಲ್ಲ. ಅವುಗಳ ಕೆನ್ನೆ, ಕತ್ತಿನ ಗುರುತುಗಳನ್ನೇ ಹುಡುಕಬೇಕು.

ಸೈಬೀರಿಯಾದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಅಮುರ್ ಚಾಣ (ಅಮುರ್ ಫಾಲ್ಕನ್) ಎಂಬ ಇನ್ನೊಂದು ಪುಟ್ಟ ಬೇಟೆಹಕ್ಕಿಯೂ ಈಶಾನ್ಯ ರಾಜ್ಯಗಳಲ್ಲಿ ತಂಗಿ, ಪರ್ಯಾಯ ದ್ವೀಪವನ್ನೂ ಅರಬ್ಬೀ ಸಮುದ್ರವನ್ನೂ ದಾಟುತ್ತದೆ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಉಪಗ್ರಹ ಟ್ಯಾಗ್ ಕಟ್ಟಿದ ಮೇಲೆ ಈ ದಾರಿ ಸ್ಪಷ್ಟವಾಯಿತು. ಗಡದ ಮೇಲೆ ನನಗದು ಇನ್ನೂ ಕಂಡಿಲ್ಲ. ಆದರೂ ನವೆಂಬರಿನಲ್ಲಿ ಆಕಾಶದ ಮೇಲೂ ಒಂದು ಕಣ್ಣಿಟ್ಟಿರುತ್ತೇನೆ.

ಸೆಳೆವಗಳು ರಾತ್ರಿ ಮರವೇರುವುದಕ್ಕಿಂತ ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುವುದು ಹೆಚ್ಚು. ಆದ್ದರಿಂದ ಮಡ್ಡಿಯ, ಅಂದರೆ ಉಳದೆ ಬಿಟ್ಟ ಕಲ್ಲುನೆಲದ, ಹುಲ್ಲಿಗೆ ಬೆಂಕಿ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಬಗ್ಗೆ ಕೇಳಿದಾಗ ಕುರಿ ಕಾಯುವ ಹಿರಿಯರೊಬ್ಬರು, "ಸುಟ್ರನ ಹೊಸಾ ಚಿಗುರು ಬರ್ತೈತ್ರೀ ಸರ" ಎಂದರು. ಕುರಿಗಳ ಮೇವಿನ ಚಿಂತೆ ಅವರಿಗೆ ಇದ್ದೇ ಇರುತ್ತದೆ, ಅದನ್ನು ನಾನು ತಳ್ಳಿಹಾಕಲಾರೆ. ಹಾಗಾಗಿ ಸುಡಲೇಬೇಡಿ ಎನ್ನದೆ, ಹಕ್ಕಿಗಳು ಉತ್ತರಕ್ಕೆ ಮರಳುವ ಮಾರ್ಚ್ ಮುಗಿಯುವವರೆಗಾದರೂ ತಡೆಯಿರಿ ಎಂದು ಅವರನ್ನು ಕೇಳಿಕೊಂಡಿದ್ದೇನೆ.