ಮಕ್ಕಳಲ್ವಾ, ಮಾತು ತಾನಾಗೇ ಬರಲ್ವಾ?

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮಕ್ಕಳು, ಮೆದುಳು ಜ್ವರ ಬಂದ ಮಕ್ಕಳು, ಸ್ಟ್ರೋಕ್ ಆದ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಹೌದು, ಮಕ್ಕಳಿಗೂ ಸ್ಟ್ರೋಕ್ ಆಗುತ್ತದೆ. ಇವರೆಲ್ಲ ನಿನ್ನೆ ಮೊನ್ನೆವರೆಗೂ ಚೆನ್ನಾಗಿ ಮಾತಾಡಿಕೊಂಡಿದ್ದವರು. ನನ್ನ ಕೆಲಸ ಇದು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಮಕ್ಕಳಲ್ವಾ, ಮಾತು ತಾನಾಗೇ ಬರಲ್ವಾ?" ಮಂಡ್ಯ ಕಡೆಯ ಅಜ್ಜಿಯರಾದರೆ ಕೇಳುವುದೂ ಇಲ್ಲ, ತೀರ್ಪೇ ಕೊಟ್ಟುಬಿಡುತ್ತಾರೆ: "ಎಳೇ ಮಗ ಕಣ್ ಮೇಡಂ, ತಾನಾಗೇ ಬತ್ತದೆ ಬುಡಿ."

ಅಜ್ಜಿ ಹೇಳುವುದು ಅರ್ಧ ನಿಜ. ಬಹಳಷ್ಟು ಮಕ್ಕಳಿಗೆ ಮಾತು ವಾಪಸ್ ಬರುತ್ತದೆ, ದೊಡ್ಡವರಿಗಿಂತ ಬೇಗನೇ ಬರುತ್ತದೆ. ತೊಂದರೆ ಇರುವುದು ಅದಾದ ಮೇಲೆ. ಮಗು "ಅಮ್ಮ, ನೀರು" ಅಂದ ದಿನ ಮನೆಯವರೆಲ್ಲ ನಿಟ್ಟುಸಿರು ಬಿಟ್ಟು ಥೆರಪಿ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗುವುದೇ ಆಗ.

ಈ ನಂಬಿಕೆ ಅಜ್ಜಿಯರದ್ದು ಮಾತ್ರ ಅಲ್ಲ. ಮಾತಿಗೂ ಮೆದುಳಿನ ಎಡಭಾಗಕ್ಕೂ ಸಂಬಂಧ ಇದೆ ಅಂತ 1860ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ತೋರಿಸಿದರು. ಅದಾಗಿ ನೂರು ವರ್ಷದ ಮೇಲೆ, 1967ರಲ್ಲಿ, ಎರಿಕ್ ಲೆನೆಬರ್ಗ್ ಎಂಬ ವಿಜ್ಞಾನಿ ಒಂದು ವಾದ ಮುಂದಿಟ್ಟರು. ಹರೆಯ ಬರುವ ತನಕ ಮೆದುಳು ಬಗ್ಗುತ್ತದೆ, ಎಡಭಾಗ ಕೆಟ್ಟರೂ ಬಲಭಾಗ ಭಾಷೆಯ ಕೆಲಸ ವಹಿಸಿಕೊಳ್ಳುತ್ತದೆ ಅಂತ. ಅದರಲ್ಲಿ ಹುರುಳಿದೆ. ಹುಟ್ಟುವ ಹೊತ್ತಿನಲ್ಲೇ ಎಡಭಾಗಕ್ಕೆ ಸ್ಟ್ರೋಕ್ ಆದ ಎಷ್ಟೋ ಮಕ್ಕಳು ಬಲಭಾಗವನ್ನೇ ಬಳಸಿ ಭಾಷೆ ಕಲಿತು, ಶಾಲೆಗೂ ಹೋಗುತ್ತಾರೆ.

ಆದರೆ ಅಪಘಾತದ ಪೆಟ್ಟು ಒಂದೇ ಜಾಗಕ್ಕೆ ಬೀಳುವುದಿಲ್ಲ. ತಲೆ ರಭಸದಿಂದ ಅಲುಗಾಡಿದಾಗ ಮೆದುಳಿನ ಉದ್ದಗಲಕ್ಕೂ ಇರುವ ನರತಂತುಗಳು ಎಳೆದುಹೋಗುತ್ತವೆ. ಇಂಥ ಕಡೆ ವಯಸ್ಸು ಕಡಿಮೆ ಇದ್ದರೆ ಒಳ್ಳೆಯದು ಅನ್ನುವ ಲೆಕ್ಕ ತಲೆಕೆಳಗಾಗುತ್ತದೆ. ಹತ್ತು ವರ್ಷದ ಹುಡುಗನ ಕೈಯಲ್ಲಿ ಆಗಲೇ ಕಲಿತಿದ್ದು ಒಂದಿಷ್ಟು ಇರುತ್ತದೆ. ಮೂರು ವರ್ಷದ ಮಗು ಇನ್ನು ಮುಂದೆ ಕಲಿಯಬೇಕಾದ್ದನ್ನೆಲ್ಲ ಪೆಟ್ಟು ತಿಂದ ಮೆದುಳಿನಲ್ಲೇ ಕಲಿಯಬೇಕು. ಅದಕ್ಕೇ ಎಷ್ಟೋ ಮಕ್ಕಳ ಕೊರತೆ ಆಸ್ಪತ್ರೆಯಲ್ಲಿ ಕಾಣುವುದಿಲ್ಲ, ನಾಲ್ಕನೇ ಕ್ಲಾಸಿನಲ್ಲಿ ಕಾಣುತ್ತದೆ.

ಮೊದಲ ದಿನಗಳ ಬಗ್ಗೆ ಒಂದು ಮಾತು. ಪ್ರಜ್ಞೆ ಬಂದ ಮಗು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಸುಮ್ನೆ ಇರಬಹುದು. ಆಗ ವಾರ್ಡಿಗೆ ನೆಂಟರ ಮೆರವಣಿಗೆ. ಬಂದವರದ್ದೆಲ್ಲ ಒಂದೇ ಪರೀಕ್ಷೆ: "ನಾನ್ಯಾರು ಹೇಳು ಮಗ?" ಮಗು ಹೇಳಲ್ಲ. ಇನ್ನೂ ಜೋರಾಗಿ ಕೇಳುತ್ತಾರೆ, ಕಿವಿ ಕೇಳಿಸದವರಿಗೆ ಕೇಳುವ ಹಾಗೆ. ಅದರ ಬದಲು "ನಾನು ಮಗ, ನಿಮ್ಮ ಸೋದರಮಾವ. ಮದ್ದೂರಿಂದ ಬಂದೆ" ಅಂದರೆ ಸಾಕು. ಏನಾದರೂ ಕೇಳಲೇಬೇಕಾದರೆ ಹೂಂ, ಊಹೂಂ ಅಂತ ತಲೆಯಾಡಿಸಿ ಮುಗಿಸುವಂಥದ್ದು ಕೇಳಿ. ತಲೆಯೂ ಆಡಿಸದಿದ್ದರೆ ನೀರು, ಮೂತ್ರ, ನೋವು, ಅಮ್ಮ ಅಂತ ನಾಲ್ಕು ಚಿತ್ರ ರಟ್ಟಿಗೆ ಅಂಟಿಸಿ ಕೊಡುತ್ತೇವೆ, ಮಗು ಬೆರಳು ತೋರಿಸಲಿ. ಚಿತ್ರ ಕೊಟ್ಟರೆ ಮಾತಾಡಲು ಸೋಮಾರಿತನ ಬರುತ್ತದೆ ಅಂತ ಹೆದರಬೇಡಿ, ಹಾಗೇನೂ ಆಗುವುದಿಲ್ಲ.

ಬಜೆ ತೇಯ್ದು ನಾಲಿಗೆಗೆ ಹಚ್ಚೋದು ಇನ್ನೊಂದು. ನಮ್ಮ ಕಡೆ ಮಾತು ತಡವಾದ ಮಕ್ಕಳಿಗೆಲ್ಲ ಇದೇ ಮದ್ದು. ಈ ಮಕ್ಕಳ ತೊಂದರೆ ಇರುವುದು ನಾಲಿಗೆಯಲ್ಲಲ್ಲ. ಮೇಲಾಗಿ ಮೆದುಳಿಗೆ ಪೆಟ್ಟಾದಾಗ ನುಂಗುವುದೂ ಕಷ್ಟವಾಗಿರಬಹುದು, ಬಾಯಿಗೆ ಹಾಕಿದ್ದು ಶ್ವಾಸಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಡಾಕ್ಟರನ್ನು ಕೇಳದೆ ಏನನ್ನೂ ಬಾಯಿಗೆ ಹಾಕಬೇಡಿ, ತೀರ್ಥವನ್ನೂ ಕೂಡ.

ಥೆರಪಿ ಅಂದರೆ ಏನು ಮಾಡ್ತೀರಾ ಅಂತಲೂ ಕೇಳುತ್ತಾರೆ. ಪಾಂಡವಪುರ ಕಡೆಯ ಒಂಬತ್ತು ವರ್ಷದ ಹುಡುಗಿ ಅಂತಿಟ್ಟುಕೊಳ್ಳಿ. ಹಲವು ಮಕ್ಕಳನ್ನು ಬೆರೆಸಿ ಹೇಳುತ್ತಿದ್ದೇನೆ, ಯಾರ ಗುರುತೂ ಸಿಗಬಾರದಲ್ಲ. ಮೇಜಿನ ಮೇಲೆ ಸೌಟು, ಚೊಂಬು, ಬೀಗ, ಆಟದ ಸಾಮಾನಿನ ಪುಟ್ಟ ಮೊರ. ಅವಳು ಮೊರ ಎತ್ತಿಕೊಳ್ಳುತ್ತಾಳೆ. "ಇದು... ಅಕ್ಕಿ... ಹಿಂಗೆ ಹಿಂಗೆ..." ಅಂತ ಕೇರಿ ತೋರಿಸುತ್ತಾಳೆ. ಮೊರದ ಬಗ್ಗೆ ಅವಳಿಗೆ ಎಲ್ಲಾ ಗೊತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ. ಪಕ್ಕದಲ್ಲಿ ಕೂತ ಅಮ್ಮನಿಗೆ ತಡೆಯಕ್ಕಾಗಲ್ಲ. "ಮೊರ ಅನ್ನು ಮಗ, ಮೊರ!" ಹುಡುಗಿ "ಮೊರ" ಅಂತಾಳೆ, ಐದು ನಿಮಿಷಕ್ಕೆ ಮರೀತಾಳೆ. ಹಾಗಾಗಿ ನಾನು ಹೆಸರು ಹೇಳಲ್ಲ. ಯಾವುದರಿಂದ ಮಾಡಿದ್ದು? ಬಿದಿರು. ಮನೇಲಿ ಯಾರು ಹಿಡೀತಾರೆ? ಅಜ್ಜಿ. ಕೇರಿದರೆ ಏನು ಹಾರಿಹೋಗುತ್ತೆ? ಹೊಟ್ಟು. ಇಷ್ಟಕ್ಕೂ ಬರದಿದ್ದರೆ "ಮೊ..." ಅಂತ ಮೊದಲ ಅಕ್ಷರ. "ಮೊರ!" ತಾನೇ ಹುಡುಕಿಕೊಂಡ ಹೆಸರು ಹೆಚ್ಚು ದಿನ ಉಳಿಯುತ್ತದೆ. ಮನೆಯವರಿಗೆ ನಾನು ಕೊಡುವ ಹೋಂವರ್ಕ್ ಕೂಡ ಇದೇ: ಬಾಯಿ ಬಿಡುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಿ.

ಆಮೇಲೆ ವಾಕ್ಯ. ಆಟದ ನಾಯಿ, ಬೆಕ್ಕು ಕೈಗೆ ಕೊಟ್ಟು "ಬೆಕ್ಕು ನಾಯಿನ ಓಡಿಸ್ತು, ಮಾಡಿ ತೋರಿಸು" ಅಂದರೆ ಸರಿಯಾಗಿ ತೋರಿಸುತ್ತಾಳೆ. "ನಾಯಿನ ಬೆಕ್ಕು ಓಡಿಸ್ತು" ಅಂದರೆ ನಾಯಿಯ ಕೈಲಿ ಬೆಕ್ಕನ್ನು ಓಡಿಸುತ್ತಾಳೆ. ಕನ್ನಡದಲ್ಲಿ ಪದ ಹಿಂದೆ ಮುಂದೆ ಆದರೂ ಯಾರು ಯಾರನ್ನು ಓಡಿಸಿದರು ಅಂತ ಹೇಳುವುದು ಆ ಸಣ್ಣ "ನ". ಅದು ಅವಳ ಕೈ ಜಾರುತ್ತಿದೆ. ಮನೆ ಮಾತಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ಸಂದರ್ಭವೇ ಅರ್ಥ ಹೇಳಿಬಿಡುತ್ತದೆ. ಪಾಠದ ಪುಸ್ತಕದಲ್ಲಿ ಹಾಗಲ್ಲ, ಇಂಥ ವಾಕ್ಯಗಳೇ ಜಾಸ್ತಿ.

ಹಾಡಿಗೆ ಮೋಸ ಹೋಗಬೇಡಿ. ಶಿಶುಗೀತೆ ಪೂರ್ತಿ ಹಾಡುವ, ಒಂದರಿಂದ ಇಪ್ಪತ್ತು ಎಣಿಸುವ ಮಗುವಿಗೆ "ಹೊಟ್ಟೆ ನೋಯ್ತಿದೆ" ಅನ್ನಕ್ಕೆ ಆಗದೆ ಇರಬಹುದು. ಬಾಯಿಪಾಠ ಬೇರೆ, ಮಾತು ಕಟ್ಟುವುದು ಬೇರೆ. ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿ, ಬೇಡ ಅನ್ನಲ್ಲ. ಥೆರಪಿ ಮಾತ್ರ ನಿಲ್ಲಿಸಬೇಡಿ.

ಇಂಥದ್ದೇ ಥೆರಪಿ ಎಲ್ಲ ಮಕ್ಕಳಿಗೂ ಆಗುತ್ತದೆ ಅಂತ ಸಾಬೀತಾದ ಒಂದು ವಿಧಾನ ಇಲ್ಲ. ಗ್ಯಾರಂಟಿ ಕೊಡುವವರ ಹತ್ತಿರ ಹೋಗಬೇಡಿ. ದುಬಾರಿ ಆಪ್‌ಗಿಂತ ದಿನಾ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಾತಾಡಿಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

"ಇಂಗ್ಲಿಷ್ ಮೀಡಿಯಂ ಮೇಡಂ, ಇಂಗ್ಲಿಷಿನಲ್ಲೇ ಥೆರಪಿ ಕೊಡಿ" ಅನ್ನುವ ಅಪ್ಪಂದಿರು ತುಂಬಾ ಇದ್ದಾರೆ. ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ಶುರು ಮಾಡಬೇಕು. ಮನೆಯಲ್ಲಿ "ಬತ್ತೀನಿ, ಹೋಯ್ತೀನಿ" ಅಂದರೆ ನಾನೂ ಹಾಗೇ ಅನ್ನುತ್ತೇನೆ. ಒಂದು ಗಟ್ಟಿಯಾದರೆ ಇನ್ನೊಂದಕ್ಕೂ ಅನುಕೂಲ. ಮನೆಯಲ್ಲಿ ಉರ್ದು ಇದ್ದರೆ ಉರ್ದು, ತಮಿಳಾದರೆ ತಮಿಳು.

ಇನ್ನು ಶಾಲೆ. ಪೆಟ್ಟಾದ ಮಗು ನೋಡಲು ಸರಿಹೋಗಿರುತ್ತದೆ, ಓಡುತ್ತದೆ, ಹರಟೆ ಹೊಡೆಯುತ್ತದೆ. ಆದರೆ ಒತ್ತಕ್ಷರ ಬಂದರೆ ತಡವರಿಸುತ್ತದೆ, ಲೆಕ್ಕ ಬರುತ್ತದೆ ಆದರೆ ಲೆಕ್ಕದ ಪ್ರಶ್ನೆ ಅರ್ಥವಾಗುವುದಿಲ್ಲ, ಓದಿದ ಕಥೆಯನ್ನು ಮೊದಲಿನಿಂದ ಕೊನೆತನಕ ಹೇಳಲಾಗುವುದಿಲ್ಲ. "ನನ್ನ ತಲೆ ತಿನ್ನಬೇಡ" ಅಂದರೆ ಬೆಚ್ಚಿ ನೋಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಸ್ತು. ಮೇಷ್ಟ್ರು ಸೋಮಾರಿ ಅನ್ನುತ್ತಾರೆ, ಗೆಳೆಯರು ದೂರ ಆಗುತ್ತಾರೆ. ಅಪಘಾತವಾಗಿ ಎರಡು ವರ್ಷ ಆಗಿರುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಮಗು ಚೆನ್ನಾಗಿದೆ ಅನ್ನಿಸಿದರೂ ವರ್ಷಕ್ಕೊಮ್ಮೆ ಭಾಷಾ ಪರೀಕ್ಷೆ ಮಾಡಿಸಿ ಅಂತ ನಾನು ಗೋಗರೆಯುವುದು ಇದಕ್ಕೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾತು ಮತ್ತು ಭಾಷೆಯ ಶಾಶ್ವತ ತೊಂದರೆಯೂ ಸೇರಿದೆ, ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವುದು) ಅಂತ ಹೆಸರು ಹಿಡಿದೇ ಬರೆದಿದ್ದಾರೆ. ತೊಂದರೆ ಉಳಿದುಕೊಂಡರೆ ಸರ್ಟಿಫಿಕೇಟ್ ಮಾಡಿಸಿಕೊಳ್ಳಲು ನಾಚಿಕೆ ಬೇಡ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವಾಗ ಬೇಕಾಗುತ್ತದೆ.

ಪೆಟ್ಟೇ ಬೀಳದೆ ಮಾತು ಹೋಗುವುದೂ ಉಂಟು. ನಾಲ್ಕೈದು ವರ್ಷದ ಮಗುವಿಗೆ ಕರೆದರೆ ಕೇಳಿಸಿದ ಹಾಗೇ ಇಲ್ಲ, ಬರುಬರುತ್ತಾ ಮಾತೂ ನಿಂತಿತು, ಕಿವಿ ಪರೀಕ್ಷೆ ಮಾತ್ರ ನಾರ್ಮಲ್ ಅಂದರೆ ಮಕ್ಕಳ ನರರೋಗ ತಜ್ಞರ ಹತ್ತಿರ ಓಡಿ. ಮಗು ನಿದ್ದೆಯಲ್ಲಿರುವಾಗ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಬೇಕು. 1957ರಲ್ಲಿ ಲ್ಯಾಂಡೌ ಮತ್ತು ಕ್ಲೆಫ್ನರ್ ಎಂಬಿಬ್ಬರು ತಜ್ಞರು ಮೊದಲು ವಿವರಿಸಿದ ಒಂದು ಬಗೆಯ ಮೂರ್ಛೆರೋಗ ಇರಬಹುದು. ಕಣ್ಣಿಗೆ ಕಾಣುವ ಫಿಟ್ಸ್ ಇಲ್ಲದೆಯೂ ಇದು ಬರುತ್ತದೆ. ಅದಕ್ಕೆ ಮೊದಲು ಬೇಕಾದ್ದು ಔಷಧಿ, ಆಮೇಲೆ ನಾವು.

ಎಲ್ಲಿಗೆ ಹೋಗಬೇಕು ಅಂದರೆ, ನಾವು ಮೈಸೂರು, ಮಂಡ್ಯದವರು ಪುಣ್ಯವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಶುರುವಾಗಿದ್ದು 1965ರಲ್ಲಿ. ಎಲ್ಲರೂ ಆಯಿಷ್ ಅನ್ನುತ್ತಾರೆ. ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಒಂದು ಬಸ್ಸಿನ ದೂರ. ಅಲ್ಲಿಗಾಗಲಿ, ನನ್ನಂಥವರ ಹತ್ತಿರವಾಗಲಿ ಬರುವಾಗ ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ಎಲ್ಲರೂ ತರುತ್ತಾರೆ. ಅದರ ಜೊತೆಗೆ ಅಪಘಾತಕ್ಕೆ ಮುಂಚಿನ ಒಂದು ಶಾಲೆ ನೋಟ್‌ಬುಕ್, ಈಗಿನದ್ದೊಂದು ತನ್ನಿ. ಫೋನಿನಲ್ಲಿ ಮಗು ಮೊದಲು ಮಾತಾಡಿದ ವಿಡಿಯೊ ಇದ್ದರೆ ಅದೂ ಬೇಕು, ಬರ್ತ್‌ಡೇದೋ ಹಬ್ಬದ್ದೋ ಯಾವುದಾದರೂ ಸರಿ. ಫೋನ್ ಬದಲಾಯಿಸುವ ಮುಂಚೆ ಅದನ್ನು ತೆಗೆದಿಟ್ಟುಕೊಳ್ಳಿ.