ಮರದ ಮಾವು, ಏಳು ಚುಕ್ಕೆಯ ಹುಳು

ನಮ್ಮ ಶಾಲೆಯ ಕರಕುಶಲ ತರಗತಿಯಲ್ಲಿ ಕಿನ್ನಾಳದ ಪದ್ಧತಿಯೇ ಪಾಠ. ಕೊಪ್ಪಳಕ್ಕೆ ಹತ್ತಿರದ ಆ ಊರಿನ ಚಿತ್ರಗಾರರು ಮರದ ದೇವರ ಮೈಮೇಲೆ ಒಡವೆ ಮೂಡಿಸುವ ವಿದ್ಯೆಯೇ ಇಲ್ಲಿ ಮರದ ಆಟಿಕೆ ಹಣ್ಣಿನ ಮೇಲೆ ಹುಳುವಿನ ಆಕೃತಿ ಕೂರಿಸಲು ಬಳಕೆಯಾಗುತ್ತಿತ್ತು. ಈಗಿನ ಮಕ್ಕಳಿಗೆ ಬೇಕಾದೀತೆಂದು ಬರೆಯುತ್ತಿದ್ದೇನೆ.

ಮರ ಹಗುರವಾಗಿ, ಪೂರ್ತಿ ಒಣಗಿರಬೇಕು. ಹಸಿ ಮರದ ಮಾವು ಬೇಸಿಗೆಯಲ್ಲಿ ಸೀಳುತ್ತದೆ. ಬಣ್ಣವೂ ಅದರ ಜೊತೆಗೇ ಏಳುತ್ತದೆ.

ಅಂಟು ಹುಣಸೆ ಬೀಜದ್ದು. ಹುರಿದು, ಸಿಪ್ಪೆ ತೆಗೆದು ಬೀಸಿದ ಹಿಟ್ಟು 1 ಲೋಟಕ್ಕೆ 8 ಲೋಟ ನೀರು. ತಣ್ಣೀರಲ್ಲಿ ಕಲಸಿ ಆಮೇಲೆ ಒಲೆಗಿಡಿ, ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಅರ್ಧ ಗಂಟೆ ತಿರುವುತ್ತ ಕುದಿಸಿ, ಅಂದೇ ಬಳಸಿ. ಮರುದಿನಕ್ಕೆ ಹುಳಿ ವಾಸನೆ. ಗೋಣಿ ನಾರನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ ಇದರಲ್ಲಿ ಕಲಸಿದರೆ ಕಿಟ್ಟ. ಅದನ್ನು ಹಣ್ಣಿಗೆ ಸವರಿ, ಮೇಲೆ ಹತ್ತಿಯ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಡಬೇಕು.

ಹುಳುವನ್ನು ಮರದಲ್ಲಿ ಕೆತ್ತಲು ಹೋಗಬೇಡಿ, ಕಾಲು ಮುರಿಯುತ್ತದೆ. ನುಣ್ಣನೆಯ ಕಲ್ಲುಪುಡಿಯನ್ನು ಗೋಂದಿನಲ್ಲಿ ಕಲಸಿ, ಕುಂಚದ ತುದಿಯಿಂದ ಪದರ ಪದರವಾಗಿ ಏರಿಸಿ. ಒಂದೇ ಸಲ ದಪ್ಪಗಿಟ್ಟರೆ ಮೇಲ್ಭಾಗ ಮೊದಲು ಒಣಗಿ ಕುಗ್ಗಿ, ಬಿರುಕು ಬಿಡುತ್ತದೆ. ಗೋಂದು ಕಡಿಮೆಯಾದರೆ ಪುಡಿ ಉದುರುತ್ತದೆ, ಹೆಚ್ಚಾದರೆ ಹುಳುವೇ ಕಿತ್ತು ಬರುತ್ತದೆ.

ಕಲಿಯುವವರಿಗೆ ಗುಲಗಂಜಿ ಹುಳುವೇ ಸರಿ. ಅರ್ಧ ಬಟಾಣಿಯಂಥ ಮೈ, ಮೇಲಿಂದ ಕಾಲು ಕಾಣುವುದೇ ಕಡಿಮೆ. ಏಳು ಚುಕ್ಕೆಯ ಜಾತಿಯಲ್ಲಿ ಒಂದೊಂದು ರೆಕ್ಕೆಗವಚದ ಮೇಲೆ ಮೂರು ಮೂರು; ಏಳನೆಯದು ಮುಂದೆ, ಎರಡೂ ಕೂಡುವ ಗೆರೆಯ ಮೇಲೆ. ಇದನ್ನು ತಪ್ಪಿಸಿದವರೇ ಹೆಚ್ಚು. ಇರುವೆ ಕಷ್ಟ: ಆರೂ ಕಾಲು ಹೊರಡುವುದು ನಡುಭಾಗದಿಂದ, ಹೊಟ್ಟೆಯಿಂದಲ್ಲ.

ಇನ್ನು ಹೊಳಪು. ಹಣ್ಣಿಗೂ ಹುಳುವಿಗೂ ಒಂದೇ ವಾರ್ನಿಶ್ ಬಳಿದರೆ ಎರಡೂ ಪ್ಲಾಸ್ಟಿಕ್ಕಿನಂತೆ ಕಾಣುತ್ತವೆ. ಮಾವು ಮಬ್ಬಾಗಿರಲಿ, ಹುಳುವಿನ ಬೆನ್ನು ಮಾತ್ರ ಮಿಂಚಲಿ.

ಹುಣಸೆ ಅಂಟು ನಿಜವಾದ ಹುಳುಗಳಿಗೂ ಬಲು ಇಷ್ಟ! ಅಂಟಿಗೆ ಮೈಲುತುತ್ತ ಬೆರೆಸುವುದುಂಟು, ಆದರೆ ಅದು ವಿಷ. ಮಕ್ಕಳ ಕೈಗೆ ಹೋಗುವ ಆಟಿಕೆಗೆ ಬೇಡ. ಆಗಾಗ ಎತ್ತಿ ತಳ ನೋಡಿ. ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಕೊರಕ ಹುಳು ಸೇರಿದೆ. ಆ ಹಣ್ಣನ್ನು ಉಳಿದವುಗಳಿಂದ ದೂರ ಇಡಿ.