ನಿಮ್ಮ ಬಾಂಡ್ ಯಾರು?
ತೀರ್ಥಹಳ್ಳಿಯಲ್ಲಿ ಮಳೆ ಬಿಡುವ ಲಕ್ಷಣ ಇಲ್ಲ, ಕರೆಂಟೂ ಇಲ್ಲ. ಮನೆಯಲ್ಲಿ ಸಿನಿಮಾದ ಗೂಢಚಾರಿ ಜೇಮ್ಸ್ ಬಾಂಡ್ ಪಾತ್ರಕ್ಕೆ ಯಾವ ನಟ ಸರಿ ಅಂತ ಜೋರು ಚರ್ಚೆ. ಚಿಕ್ಕಪ್ಪನಿಗೆ ರೋಜರ್ ಮೂರ್ ಬಿಟ್ಟರೆ ಬೇರೆಯವರು ಬಾಂಡೇ ಅಲ್ಲ. 1983ರ ‘ಆಕ್ಟೋಪಸಿ’ಯಲ್ಲಿ ನಮ್ಮ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಬಾಂಡ್‌ನನ್ನು ಆಟೋದಲ್ಲಿ ಕೂರಿಸಿಕೊಂಡು ಓಡಿಸಿದ್ದು, ಟೆನಿಸ್ ರಾಕೆಟ್‌ನಲ್ಲೇ ಗೂಂಡಾಗಳಿಗೆ ಬಾರಿಸಿದ್ದು, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದರು!

ತಂಗಿಗೆ ಡೇನಿಯಲ್ ಕ್ರೇಗ್ ಇಷ್ಟ. ಅವನಿಗೆ ಪೆಟ್ಟು ಬಿದ್ದರೆ ನಿಜವಾಗಿ ನೋವಾಗುತ್ತದೆ ಅಂತಾಳೆ. ನನ್ನ ಓಟೂ ಅವನಿಗೇ. 2006ರ ‘ಕ್ಯಾಸಿನೋ ರಾಯಲ್’ನಲ್ಲಿ ಹೊಡೆದಾಟ ಮುಗಿದ ಮೇಲೆ ನಾಯಕಿ ವೆಸ್ಪರ್ ಶವರ್ ಕೆಳಗೆ ನಡುಗುತ್ತಾ ಕೂತಿರುತ್ತಾಳೆ. ಇವನು ಬಟ್ಟೆ ಸಮೇತ ಹೋಗಿ ಪಕ್ಕದಲ್ಲಿ ಸುಮ್ನೆ ಕೂರುತ್ತಾನಲ್ವಾ, ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ಮೊದಲ ಬಾಂಡ್ ಸಿನಿಮಾ ಬಂದ 1962ರಿಂದ ಎಷ್ಟೋ ಕಾರು ಹಾರಿವೆ, ಕಟ್ಟಡ ಉರುಳಿವೆ. ಮುಂದಿನ ಬಾಂಡ್ ಯಾರೇ ಆಗಲಿ, ಇಂಥ ದೃಶ್ಯ ಒಂದಾದರೂ ಬೇಕು.